ಬಸ್ಕಿಯ ಆಳ ಮತ್ತು ಕಾಲಿನ ಸ್ನಾಯುಗಳು

ಬಸ್ಕಿ ಅಥವಾ ಸ್ಕ್ವಾಟ್ ವ್ಯಾಯಾಮದಲ್ಲಿ ಸೊಂಟವು ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ಬಸ್ಕಿಯ ಆಳ ಎನ್ನುತ್ತಾರೆ. ತೊಡೆಯು ನೆಲಕ್ಕೆ ಸಮಾಂತರವಾಗುವ ಮೊದಲೇ ಮೇಲೇಳುವುದು ಅರೆ ಬಸ್ಕಿ. ಪೃಷ್ಠವು ಹಿಮ್ಮಡಿಯ ಸಮೀಪಕ್ಕೆ ಬರುವಂತೆ ಕೂತು ಏಳುವುದು ಪೂರ್ಣ ಬಸ್ಕಿ. ಗರಡಿಮನೆಯ ಪೈಲ್ವಾನರು ಹೊಡೆಯುವ ಬೈಠಕ್ ಎರಡನೆಯ ಬಗೆಗೆ ಸೇರಿದುದು.

ಆಳಕ್ಕೆ ಇಳಿದಷ್ಟೂ ಕಾಲಿನ ಎಲ್ಲ ಸ್ನಾಯುಗಳೂ ಹೆಚ್ಚು ದುಡಿಯುತ್ತವೆ ಎಂಬ ನಂಬಿಕೆ ಭಾಗಶಃ ಮಾತ್ರ ನಿಜ. 2002ರಲ್ಲಿ ಕ್ಯಾಟರಿಸಾನೊ ಮತ್ತು ಸಂಗಡಿಗರು 10 ಮಂದಿ ಅನುಭವಿಗಳ ನಾಲ್ಕು ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದರು. ಮೇಲೇಳುವಾಗ ಪೃಷ್ಠದ ದೊಡ್ಡ ಸ್ನಾಯುವಿನ ಪಾಲು ಅರೆ ಬಸ್ಕಿಯಲ್ಲಿ ಶೇ. 16.9, ಸಮಾಂತರದಲ್ಲಿ ಶೇ. 28, ಪೂರ್ಣ ಬಸ್ಕಿಯಲ್ಲಿ ಶೇ. 35.4 ಇದ್ದಿತು. ತೊಡೆಯ ಮುಂದಿನ ಮತ್ತು ಹಿಂದಿನ ಸ್ನಾಯುಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಮೂರು ಆಳಗಳಿಗೂ ಒಂದೇ ಭಾರವನ್ನು ಬಳಸಲಾಗಿತ್ತು. ಅರೆ ಬಸ್ಕಿಗೆ ಅದು ಹಗುರವೇ ಸರಿ. ಆದ್ದರಿಂದ ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು.

2019ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದು 10 ವಾರಗಳ ತರಬೇತಿಯ ನಂತರ ಸ್ನಾಯುಗಳ ಗಾತ್ರವನ್ನೇ ಅಳೆಯಿತು. ಪೃಷ್ಠಸ್ನಾಯು ಪೂರ್ಣ ಬಸ್ಕಿಯಿಂದ ಶೇ. 6.7, ಅರೆ ಬಸ್ಕಿಯಿಂದ ಶೇ. 2.2 ಬೆಳೆಯಿತು. ತೊಡೆಯ ಒಳಭಾಗದ ಸ್ನಾಯುಗಳಲ್ಲಿಯೂ ಪೂರ್ಣ ಬಸ್ಕಿಯದೇ ಮೇಲುಗೈ. ಮುಂದೊಡೆಯ ಸ್ನಾಯುಗಳ ಬೆಳವಣಿಗೆ ಮಾತ್ರ ಎರಡರಲ್ಲಿಯೂ ಹೆಚ್ಚುಕಡಿಮೆ ಸಮಾನ.

ಹಿಂದೊಡೆಯ ಸ್ನಾಯುಗಳು ಎರಡರಿಂದಲೂ ಬೆಳೆಯಲಿಲ್ಲ. ಇವುಗಳಲ್ಲಿ ಹೆಚ್ಚಿನವು ಸೊಂಟ, ಮೊಣಕಾಲು ಎರಡೂ ಕೀಲುಗಳನ್ನು ದಾಟುತ್ತವೆ. ಕೂರುವಾಗ ಸೊಂಟದ ಕಡೆ ಹಿಗ್ಗಿ ಮೊಣಕಾಲಿನ ಕಡೆ ಕುಗ್ಗುವುದರಿಂದ ಅವುಗಳ ಉದ್ದ ಅಷ್ಟಾಗಿ ಬದಲಾಗದು. ಅವುಗಳಿಗೆ ಡೆಡ್‌ಲಿಫ್ಟ್‌ನಂತಹ ಬೇರೆ ವ್ಯಾಯಾಮವೇ ಬೇಕು.