ಸಮಾನಾಂತ್ಯದ ಕೆಲವು ಆಂಗ್ಲ ಶಬ್ದಗಳ ಚರಿತ್ರೆ

ಆಂಗ್ಲ ಭಾಷೆಯಲ್ಲಿ 'ಓ', 'ಟಿ' ಎಂಬ ಎರಡು ಅಕ್ಷರಗಳಿಂದ ಮುಗಿಯುವ ಚಿಕ್ಕ ಶಬ್ದಗಳು ಹಲವಿವೆ. ಲಾಟ್, ಪ್ಲಾಟ್, ಸ್ಕಾಟ್, ಷಾಟ್, ಹಾಟ್, ನಾಟ್, ಜಾಟ್, ಕಾಟ್ ಮೊದಲಾದವು ಸರ್ವರಿಗೂ ಪರಿಚಿತವಾದವು. ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇವೆಲ್ಲ ಒಂದೇ ಮನೆತನದವೆಂಬ ಭಾವನೆ ಮೂಡುವುದು ಸಹಜ. ವಿದ್ಯಾರ್ಥಿಗಳು ಇಂತಹ ಧ್ವನಿಸಾಮ್ಯವನ್ನು ಹಿಡಿದು ವ್ಯುತ್ಪತ್ತಿಯನ್ನು ಕಲ್ಪಿಸುವುದನ್ನು ನಾವು ಅನೇಕ ಸಲ ಕಂಡಿದ್ದೇವೆ. ವಿದ್ವಾಂಸರೆನಿಸಿಕೊಂಡವರೂ ಈ ಮೋಹಕ್ಕೆ ಒಳಗಾದುದುಂಟು. ಆದರೆ ಪ್ರಾಚೀನ ರೂಪಗಳನ್ನು ಪರಿಶೀಲಿಸಿದರೆ ಈ ಸಾಮ್ಯದ ಬಹುಪಾಲು ಕಾಲದ ಸವೆತದಿಂದ ಉಂಟಾದುದೆಂದು ತಿಳಿದುಬರುತ್ತದೆ.

'ಬಿಸಿ' ಎಂಬರ್ಥದ ಹಾಟ್ ಶಬ್ದ ಪ್ರಾಚೀನ ಆಂಗ್ಲದಲ್ಲಿ ದೀರ್ಘ ಆಕಾರವುಳ್ಳದ್ದಾಗಿತ್ತು. ಅದರ ಸ್ವರ ಹ್ರಸ್ವವಾದುದು ಅನಂತರ. 'ಗಂಟು' ಎಂಬರ್ಥದ ನಾಟ್ ಹಿಂದೆ 'ಕ್ನೊಟ್ಟ' ಎಂದಿದ್ದಿತು. ಬರೆಹದಲ್ಲಿ ಇಂದಿಗೂ ಉಳಿದಿರುವ ಕಕಾರ ಉಚ್ಚಾರಣೆಯಿಂದ ಅಳಿದುದು ಸುಮಾರು ಹದಿನೇಳನೆಯ ಶತಮಾನದಲ್ಲಿ. 'ಅಲ್ಲ', 'ಇಲ್ಲ' ಎಂಬರ್ಥದ ನಾಟ್ ಆದರೋ ಮೂಲತಃ ಒಂದು ಪದವೇ ಅಲ್ಲ. 'ಎಂದೂ ಯಾವ ವಸ್ತುವೂ ಇಲ್ಲ' ಎಂಬ ಮೂರು ಪದಗಳು ಕೂಡಿ, ಸವೆದು, ಈ ಮೂರಕ್ಷರದ ರೂಪವನ್ನು ತಾಳಿವೆ. ಕನ್ನಡದ ಓದುಗರಿಗೆ ಇದು ಹೊಸದಲ್ಲ. ಬದುಕು ಎಂಬರ್ಥದ 'ಬಾೞ್', ಕತ್ತಿ ಎಂಬರ್ಥದ 'ಬಾಳ್' ಇವೆರಡೂ ಹಳಗನ್ನಡದಲ್ಲಿ ಬೇರೆ ಬೇರೆಯಾಗಿದ್ದು, ೞಕಾರ ಲುಪ್ತವಾದ ಮೇಲೆ ಒಂದೇ 'ಬಾಳು' ಆದುವು. ಹೊಸಗನ್ನಡವನ್ನು ಮಾತ್ರ ಬಲ್ಲವನು ಬಾಳಿಗೂ ಕತ್ತಿಗೂ ಸಂಬಂಧ ಕಲ್ಪಿಸಿದರೆ ಆಶ್ಚರ್ಯವೇನು?

ಇವುಗಳಲ್ಲಿ ಚರಿತ್ರಕಾರನ ವಿಶೇಷ ಗಮನಕ್ಕೆ ಪಾತ್ರವಾಗತಕ್ಕವು ಲಾಟ್, ಸ್ಕಾಟ್ ಎಂಬ ಎರಡು. ಲಾಟ್ ಎಂದರೆ ಮೊದಲು ಚೀಟಿಯೆತ್ತುವುದಕ್ಕೆ ಬಳಸುತ್ತಿದ್ದ ಮರದ ಚೂರು ಅಥವಾ ಅಂತಹುದೇ ವಸ್ತು. ಅದರಿಂದ ದೊರೆತ ಪಾಲಿಗೂ ಅದೇ ಹೆಸರಾಯಿತು. ಕೊನೆಗೆ ಮನುಷ್ಯನ ಪಾಲಿಗೆ ಬಂದ ವಿಧಿಗೂ ಅದೇ ಹೆಸರಾಯಿತು. (ನಾವು ವಿಧಿಯನ್ನು ಹಣೆಯ ಬರೆಹವೆನ್ನುತ್ತೇವೆ, ಅವರು ಚೀಟಿಯಲ್ಲಿ ಬಂದದ್ದೆನ್ನುತ್ತಾರೆ.) ಆಕ್ಸ್‌ಫರ್ಡಿನ ಸಮೀಪದ ಯಾರ್ನ್‌ಟನ್ ಗ್ರಾಮದಲ್ಲಿ ಹುಲ್ಲುಗಾವಲಿನ ಪಾಲುಗಳನ್ನು ಹೆಸರು ಬರೆದ 13 ಮರದ ಗುಂಡುಗಳನ್ನೆತ್ತಿ ಹಂಚುವ ಪದ್ಧತಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೂ ನಡೆದುಬಂದಿತ್ತು. ಹದಿನೇಳನೆಯ ಶತಮಾನದಲ್ಲಿ ಅಮೆರಿಕದಲ್ಲಿ ನೆಲೆಸಿದ ಆಂಗ್ಲರು ಹೊಸ ಊರುಗಳ ಭೂಮಿಯನ್ನು ಹೀಗೆಯೇ ಹಂಚಿಕೊಂಡುದರಿಂದ, ಅಲ್ಲಿ ಭೂಖಂಡಕ್ಕೆ ಲಾಟ್ ಎಂಬ ಹೆಸರು ನಿಂತಿತು. ವಾಹನ ನಿಲ್ಲಿಸುವ ಬಯಲಿಗೆ ಅಮೆರಿಕನ್ನರು ಇಂದು ಬಳಸುವ ಹೆಸರಿನಲ್ಲಿಯೂ ಆ ಹಳೆಯ ಮರದ ಚೂರು ಅಡಗಿದೆ.

ಸ್ಕಾಟ್ ಎಂದರೆ ತೆರಿಗೆ, ವಂತಿಗೆ. ಸ್ಕಾಟ್ಲೆಂಡಿನ ಜನರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. 'ಸ್ಕಾಟ್ ಫ್ರೀ' ಎಂಬ ನುಡಿಗಟ್ಟಿಗೆ ಸ್ಕಾಟರ ಜಿಪುಣತನವನ್ನು ಕಾರಣವೆನ್ನುವವರಿದ್ದಾರೆ. ಅಮೆರಿಕದಲ್ಲಿ 1857ರಲ್ಲಿ ತೀರ್ಮಾನವಾದ ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಿಂದ ಬಂದುದೆನ್ನುವವರೂ ಇದ್ದಾರೆ. ಎರಡೂ ನಿರಾಧಾರ. ಆ ಮೊಕದ್ದಮೆಗೆ ಶತಮಾನಗಳಷ್ಟು ಹಿಂದೆಯೇ ಈ ನುಡಿ ಬಳಕೆಯಲ್ಲಿತ್ತು; ತೆರಿಗೆಯಿಲ್ಲದೆ ಪಾರಾಗುವುದು ಎಂಬುದೇ ಅದರ ನೇರವಾದ ಅರ್ಥ. ಶಬ್ದದ ಧಾತ್ವರ್ಥ 'ಎಸೆ' ಎಂದು. ಎಲ್ಲರೂ ಕೂಡಿ ಹಣ ಹಾಕುವುದು ಎಂಬ ಭಾವ. ಇಲ್ಲಿ ಸ್ವಾರಸ್ಯವಾದ ಸಂಗತಿಯೊಂದುಂಟು. ಬಾಣದ ಅಥವಾ ಗುಂಡಿನ ಎಸೆತವನ್ನು ಹೇಳುವ ಷಾಟ್ ಇದೇ ಧಾತುವಿನ ಶಬ್ದ. ಪ್ರಾಚೀನ ಆಂಗ್ಲದ 'ಸ್ಕ' ಧ್ವನಿ ಆ ದೇಶದವರ ಬಾಯಲ್ಲಿ 'ಷ' ಆಯಿತು. ಒಂಬತ್ತು, ಹತ್ತನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಪೂರ್ವೋತ್ತರ ಭಾಗದಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದವರ ನುಡಿಯಲ್ಲಿ 'ಸ್ಕ' ಹಾಗೆಯೇ ಉಳಿಯಿತು. ಷರ್ಟ್, ಸ್ಕರ್ಟ್ ಎಂಬ ಜೋಡಿಯೂ ಹೀಗೆಯೇ ಹುಟ್ಟಿತು. ಪಾನಗೃಹದಲ್ಲಿ ತನ್ನ ಪಾಲಿನ ಹಣ ಕೊಡುವುದಕ್ಕೆ ಷಾಟ್ ಎಂಬ ದೇಶೀಯ ರೂಪವೇ ಬಹುಕಾಲ ಬಳಕೆಯಲ್ಲಿದ್ದಿತು. ನಮ್ಮ ಪಟ್ಟಿಯಲ್ಲಿ ನಿಜವಾದ ಸೋದರರು ಈ ಇಬ್ಬರೇ ಎಂದು ನಿಸ್ಸಂಶಯವಾಗಿ ಹೇಳಬಹುದು. ಅದನ್ನು ತೋರಿಸಿಕೊಟ್ಟುದು ಅವರ ಸಮಾನವಾದ ಅಂತ್ಯವಲ್ಲ, ಭಿನ್ನವಾದ ಆದಿ.

ಇಂಗ್ಲೆಂಡಿನ ಹಲವು ಪಟ್ಟಣಗಳಲ್ಲಿ 'ಸ್ಕಾಟ್ ಮತ್ತು ಲಾಟ್' ತೆರುವವನಿಗೆ, ಎಂದರೆ ಸ್ಥಳೀಯ ತೆರಿಗೆಯಲ್ಲಿ ತನ್ನ ಪಾಲನ್ನು ಸಲ್ಲಿಸುವ ಗೃಹಸ್ಥನಿಗೆ, ಪಾರ್ಲಿಮೆಂಟಿಗೆ ಮತ ಕೊಡುವ ಹಕ್ಕಿದ್ದಿತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕ್ಷೇತ್ರದಲ್ಲಿ ಈ ನಿಯಮದಿಂದ ಸಾವಿರಾರು ಮತದಾರರು ಇದ್ದರು. ಅದೇ ನಿಯಮವಿದ್ದ ಸರಿ ಪ್ರಾಂತದ ಗ್ಯಾಟನ್‌ನಲ್ಲಿ ಬೆರಳೆಣಿಕೆಯ ಮಂದಿ ಇಬ್ಬರು ಸದಸ್ಯರನ್ನು ಕಳುಹಿಸುತ್ತಿದ್ದರು. 1832ರ ಸುಧಾರಣಾ ಶಾಸನ ಗ್ಯಾಟನ್ನಿನ ಪ್ರಾತಿನಿಧ್ಯವನ್ನು ರದ್ದುಗೊಳಿಸಿತು. ಉಳಿದೆಡೆಗಳಲ್ಲಿ ಈ ಹಳೆಯ ಹಕ್ಕು ಆಗ ಇದ್ದ ಮತದಾರರ ಜೀವಿತಕಾಲಕ್ಕೆ ಸೀಮಿತವಾಯಿತು. ಪ್ರಜಾಪ್ರಭುತ್ವದ ಚರಿತ್ರೆಯನ್ನು ಓದುವವರು ಈ ಎರಡು ಚಿಕ್ಕ ಶಬ್ದಗಳನ್ನು ಅಲಕ್ಷಿಸುವಂತಿಲ್ಲ.

ಪ್ಲಾಟ್ ಮೊದಲು ನೆಲದ ತುಂಡು, ಬಳಿಕ ಅದರ ನಕ್ಷೆ, ಬಳಿಕ ಯೋಜನೆ. ಒಳಸಂಚು ಎಂಬರ್ಥ ಬರುವುದಕ್ಕೆ ಫ್ರೆಂಚಿನ 'ಕಾಂಪ್ಲೊ' ಎಂಬ ಶಬ್ದದ ಪ್ರಭಾವ ಸಹಾಯಕವಾಯಿತು. ಜಾಟ್ ಎಂಬುದು ಗ್ರೀಕರ 'ಅಯೋಟ' ಅಕ್ಷರದ ಹೆಸರು. ಅದರ ಹಿಂದಿರುವುದು ಸೆಮಿಟಿಕ್ ಭಾಷೆಗಳ 'ಯೋದ್'. ಟಿಂಡೇಲನ 1526ರ ಬೈಬಲ್ ಭಾಷಾಂತರದ ಮೂಲಕ, ಅತ್ಯಲ್ಪವಾದುದು ಎಂಬರ್ಥದಲ್ಲಿ ಜನರ ಮಾತಿಗೆ ಬಂದಿತು.

ಇನ್ನು ಕಾಟ್. ಗುಡಿಸಲು ಎಂಬರ್ಥದ ಕಾಟ್, ಕಾಟೇಜ್ ಇವು ಯುರೋಪಿನವು. ಮಂಚವೆಂಬರ್ಥದ ಕಾಟ್ ನಮ್ಮ ದೇಶದ್ದು. ಹದಿನೇಳನೆಯ ಶತಮಾನದ ಆಂಗ್ಲ ವರ್ತಕರೂ ಪ್ರವಾಸಿಗಳೂ ಹಿಂದಿಯ 'ಖಾಟ್' ಶಬ್ದವನ್ನು ಎತ್ತಿಕೊಂಡರು. ಖಾಟ್ ಸಂಸ್ಕೃತದ 'ಖಟ್ವಾ'ದಿಂದ ಬಂದುದು. ಖಟ್ವಾ ಶಬ್ದಕ್ಕೆ ತಮಿಳು, ಮಲಯಾಳಗಳ 'ಕಟ್ಟಿಲ್' ಮೂಲವೆಂದು ದ್ರಾವಿಡ ಭಾಷಾವಿದರಲ್ಲಿ ಹಲವರ ಅಭಿಪ್ರಾಯ. ಹುರಿಯಿಂದ ಹೆಣೆದು ಕಟ್ಟಿದ ಮಂಚವನ್ನು ಬಲ್ಲ ನಮಗೆ 'ಕಟ್ಟು' ಧಾತುವಿನ ನೆನಪಾಗುವುದು ಸಹಜವೇ. ಆದರೆ ನಾವು ಎಚ್ಚರ ಕೊಟ್ಟ ಮೋಹ ಇಲ್ಲಿ ನಮ್ಮನ್ನೇ ಹಿಡಿಯಬಾರದು. ಕಟ್ಟಿಲ್ ಮೂಲವೆಂಬುದು ಸಂಭವನೀಯ; ಕಟ್ಟು ಧಾತುವಿನ ಮಾತು ಊಹೆ. ಖಟ್ವಾ ಪಾಣಿನಿಯ ಸೂತ್ರದಲ್ಲಿಯೇ ಇದೆ. ಗುರುವಿನ ಅನುಮತಿಯಿಲ್ಲದೆ ಮಂಚವೇರಿದ ಶಿಷ್ಯನನ್ನು 'ಖಟ್ವಾರೂಢ'ನೆಂದು ನಿಂದಿಸುತ್ತಿದ್ದರು. ಶಬ್ದ ದ್ರಾವಿಡವೇ ಆದರೆ, ಆ ಕೊಡುಕೊಳ್ಳಿಕೆ ಪಾಣಿನಿಗಿಂತಲೂ ಹಿಂದೆ ನಡೆದಿರಬೇಕು. ದ್ರಾವಿಡ, ಆರ್ಯ ಭಾಷೆಗಳ ಸಂಪರ್ಕದ ಕಾಲನಿರ್ಣಯಕ್ಕೆ ಇದು ಚಿಕ್ಕ ಸಾಕ್ಷ್ಯವೇನಲ್ಲ. ಈಚೆಗೆ ನಮ್ಮ ಆಸ್ಪತ್ರೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಮಂಚವೆನ್ನುವುದನ್ನು ಬಿಟ್ಟು 'ಕಾಟು' ಎನ್ನುತ್ತಾರೆ, ಅದು ಇಂಗ್ಲಿಷ್ ಶಬ್ದವೆಂದು ತಿಳಿದು.