ಬೆಲ್ಲದ ದೀಕ್ಷೆ

ನಮ್ಮ ಸಂತೆಕಲ್ಲೂರಿನ ಕಡೆ ಸಂತೆಗೆ ಹೋದ ಹೆಂಗಸರು, ತೂಕದಲ್ಲಿ ಕೈಚಳಕ ತೋರಿಸಿದ ವ್ಯಾಪಾರಿಯನ್ನು ‘ಠಕ್ಕ’ ಎಂದು ಬೈದು ಬರುತ್ತಾರೆ. ಬೈಗುಳ ಅಷ್ಟಕ್ಕೇ ಮುಗಿಯುತ್ತದೆ. ಆದರೆ ಇದೇ ಮಾತು ಹಿಂದಿಯಲ್ಲಿ ‘ಠಗ್’ ಆಗಿ, ಇನ್ನೂರು ವರ್ಷಗಳ ಹಿಂದೆ ದಾರಿಹೋಕರ ಎದೆ ನಡುಗಿಸುತ್ತಿತ್ತು. ದಕ್ಷಿಣದ ದಾಖಲೆಗಳಲ್ಲಿ ಅವರಿಗೆ ‘ಫಾಂಸಿಗಾರರು’ ಎಂದು ಹೆಸರು. ಪ್ರಯಾಣಿಕರ ಜೊತೆ ಸ್ನೇಹ ಬೆಳೆಸಿ, ಒಟ್ಟಿಗೆ ಉಂಡು, ನಂಬಿಕೆ ಗಳಿಸಿದ ಮೇಲೆ ಕೊರಳಿಗೆ ರುಮಾಲು ಬಿಗಿದು ಕೊಲ್ಲುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ಕಾಲಕ್ಕೆ ಬೆಂಗಳೂರಿನ ಹತ್ತಿರ ಇಂಥ ಸುಮಾರು ನೂರು ಮಂದಿಯನ್ನು ಹಿಡಿದರೆಂದು ಕಂಪನಿ ಕಾಲದ ಬರಹಗಳು ಹೇಳುತ್ತವೆ.

ಠಗ್ಗರ ಕಥೆಯನ್ನು ಲೋಕಕ್ಕೆಲ್ಲ ಹೇಳಿದವನು ನಮಗೆ ಪರಕೀಯನಲ್ಲ. ಸುರಪುರದ ಟೇಲರ್ ಸಾಹೇಬ. ಫಿಲಿಪ್ ಮೆಡೋಸ್ ಟೇಲರ್ ಬರೆದ ‘ಕನ್‌ಫೆಷನ್ಸ್ ಆಫ್ ಎ ಥಗ್’ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆಮೇಲೆ ಆತ ಸುರಪುರಕ್ಕೆ ಬಂದು, ಎಳೆಯ ರಾಜ ವೆಂಕಟಪ್ಪ ನಾಯಕ ಪ್ರಾಯಕ್ಕೆ ಬರುವ ತನಕ, ಅಂದರೆ 1853ರವರೆಗೆ, ಅಲ್ಲಿನ ಆಡಳಿತ ನೋಡಿಕೊಂಡ. ಅವನ ಕಾದಂಬರಿಯ ಅಮೀರ್ ಅಲಿಯನ್ನು ಸಾಕಿದವರು ಅವನ ತಂದೆತಾಯಿಯನ್ನು ಕೊಂದವರೇ. ಅದೊಂದೂ ತಿಳಿಯದೆ ಅವರ ಮಡಿಲಲ್ಲಿ ಬೆಳೆದ ಹುಡುಗ ಮುಂದೆ ತಾನೇ ಠಗ್ಗನಾಗಿ, ಗೊತ್ತಿಲ್ಲದೆ ಒಡಹುಟ್ಟಿದ ತಂಗಿಯನ್ನೇ ಕೊಲ್ಲುತ್ತಾನೆ.

ಕಾದಂಬರಿ ಓದುವಾಗ ನನ್ನನ್ನು ಕಾಡಿದ್ದು ಕೊಲೆಗಳಲ್ಲ, ಆ ಹುಡುಗ. ಮೇಷ್ಟ್ರಗಿತ್ತಿಯ ಕಣ್ಣು ಹೋಗುವುದೇ ಮಕ್ಕಳ ಕಡೆಗೆ. ಅಂಥ ಹುಡುಗರನ್ನು ಹೇಗೆ ತಯಾರು ಮಾಡುತ್ತಿದ್ದರು? ಠಗ್ಗರ ವಿಚಾರಣೆ ನಡೆಸಿದ ವಿಲಿಯಂ ಸ್ಲೀಮನ್ 1836ರಲ್ಲಿ ಅವರ ಗುಟ್ಟಿನ ಭಾಷೆಯ ಮೇಲೆ ಪುಸ್ತಕ ತಂದ. ಅದರಲ್ಲಿ ಉತ್ತರವಿದೆ. ಹದಿಮೂರು ಹದಿನಾಲ್ಕರ ಹುಡುಗನಿಗೆ ಮೊದಲ ಪಯಣದಲ್ಲಿ ಸವಾರಿಗೆ ಒಂದು ತಟ್ಟು, ಕೈಗೊಂದು ಉಡುಗೊರೆ. ಕೊಲೆ ಅವನ ಕಣ್ಣಿಗೆ ಬೀಳದಂತೆ ದೂರ ಇಡುತ್ತಿದ್ದರು. ಎರಡನೆಯ ಸಲಕ್ಕೆ ಅವನಿಗೆ ಅನುಮಾನ. ಮೂರನೆಯ ಸಲಕ್ಕೆ ಎಲ್ಲವೂ ಕಣ್ಣೆದುರಿಗೆ. ಅಷ್ಟರಲ್ಲಿ ಲೂಟಿಯ ಉಡುಗೊರೆ ಅವನ ಕೈಗೂ ಬಂದಿರುತ್ತಿತ್ತು. ಹಿಂದೆ ಸರಿಯುವುದು ಎಲ್ಲಿಗೆ?

ಕೊನೆಗೆ ಬೆಲ್ಲದ ಪೂಜೆ. ಅದಕ್ಕೆ ಅವರು ‘ತುಪೋನಿ’ ಎನ್ನುತ್ತಿದ್ದರು. ಕಂಬಳಿ ಹಾಸಿ, ಗುದ್ದಲಿಯನ್ನು ಇಟ್ಟು, ಒಂದೂಕಾಲು ರೂಪಾಯಿಯ ಬೆಲ್ಲವನ್ನು ದೇವಿಗೆ ಅರ್ಪಿಸಿ ತಿನ್ನುವುದು. ಸ್ವಂತ ಕೈಯಿಂದ ಕೊರಳು ಬಿಗಿದವನಿಗೆ ಮಾತ್ರ ಕಂಬಳಿಯ ಮೇಲೆ ಜಾಗ. ಆ ಬೆಲ್ಲ ಒಮ್ಮೆ ನಾಲಿಗೆಗೆ ತಾಗಿತೆಂದರೆ ಮನುಷ್ಯನ ಸ್ವಭಾವವೇ ಬದಲಾಗುತ್ತದೆ ಎಂದು ಸೆರೆಸಿಕ್ಕ ಠಗ್ ಫಿರಂಗಿಯಾ ಸ್ಲೀಮನ್‌ನಿಗೆ ಹೇಳಿದ.

ಇದನ್ನೆಲ್ಲ ಹಾಗೇ ನುಂಗಬೇಕಾಗಿಲ್ಲ. ಹೇಳಿದವರು ಮಾಫಿ ಸಾಕ್ಷಿಗಳು; ಅವರಿಗೆ ತಲೆ ಉಳಿಸಿಕೊಳ್ಳುವ ಅವಸರ. ಬರೆದುಕೊಂಡವರು ಕಂಪನಿಯ ಅಧಿಕಾರಿಗಳು. ಅವರಿಗೆ ದೇಶವೆಲ್ಲ ಹರಡಿದ ಭಯಂಕರ ಗುಪ್ತಸಂಘವೊಂದು ಬೇಕಾಗಿತ್ತು. 1836ರ ಕಾಯ್ದೆಯ ಪ್ರಕಾರ ಠಗ್ಗರ ಗುಂಪಿಗೆ ಸೇರಿದ್ದೇ ಜೀವಾವಧಿ ಶಿಕ್ಷೆಗೆ ಸಾಕಾಗುತ್ತಿತ್ತು. ಠಗ್ಗರೆಲ್ಲ ಒಂದೇ ಧರ್ಮಸಂಘ ಎಂಬ ಮಾತನ್ನು ಈಚಿನ ಇತಿಹಾಸಕಾರರು ಒಪ್ಪುವುದಿಲ್ಲ. ಬೆಲ್ಲಕ್ಕೆ ಅಂಥ ಶಕ್ತಿ ಇತ್ತೆಂದು ನಾನೂ ಒಪ್ಪುವುದಿಲ್ಲ. ಶಕ್ತಿ ಇದ್ದದ್ದು ಬೆಲ್ಲಕ್ಕಿಂತ ಮುಂಚಿನ ಆ ಮೂರು ಪಯಣಗಳಲ್ಲಿ. ಮೊದಲು ಪ್ರೀತಿ, ಆಮೇಲೆ ಉಡುಗೊರೆ, ಆಮೇಲೆ ಗುಟ್ಟು. ದಾರಿಹೋಕನಿಗೆ ಮೋಸ ಮಾಡುವ ಮೊದಲು ಠಗ್ಗರು ಮೋಸ ಮಾಡುತ್ತಿದ್ದುದು ತಮ್ಮ ಮನೆಯ ಹುಡುಗನಿಗೆ.

ಇದನ್ನು ಇತಿಹಾಸವೆಂದು ಓದಿ ಮುಚ್ಚಿಡಲು ನನ್ನಿಂದ ಆಗಲಿಲ್ಲ. ಬಹಳ ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ಹುಡುಗಿ ನಾಲ್ಕು ದಿನ ರಜೆ ಕೇಳಿದಳು. “ಹರಕಿ ಐತ್ರಿ ಟೀಚರ್” ಎಂದಳು. ಹೊಸ ಹಸಿರು ಬಳೆ ತೊಟ್ಟಿದ್ದಳು. “ಚೆಂದ ಅದಾವವ್ವ” ಎಂದು ನಾನೇ ಹೊಗಳಿ ಕಳಿಸಿದೆ. ಮರಳಿ ಬಂದಾಗ ಅವಳ ಕೊರಳಲ್ಲಿ, ರವಿಕೆಯ ಒಳಗೆ ಬಚ್ಚಿಟ್ಟುಕೊಂಡ ಕೆಂಪು ಬಿಳಿ ಮಣಿಯ ಸರ. ಮುತ್ತು ಕಟ್ಟಿದ್ದರು.

“ಹುಗ್ಗಿ ಊಟ ಐತಿ, ಹೊಸ ಸೀರಿ ಉಡಸ್ತೀವಿ ಅಂದ್ರರಿ. ಬ್ಯಾರೆ ಏನೂ ಹೇಳಲಿಲ್ಲರಿ” ಎಂದಳು. ಹುಗ್ಗಿಗೆ ಹಾಕುವುದೂ ಬೆಲ್ಲವನ್ನೇ.

ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಹೆತ್ತವರೇ ಮಾಡಿಸಿದರೆ ಐದು ವರ್ಷದವರೆಗೂ ಜೈಲು. ಹಿಂದೆ ವಾಲಗ ಊದಿಸಿ ಮಾಡುತ್ತಿದ್ದುದು ಆಮೇಲೆ ಕತ್ತಲಲ್ಲಿ, ನಾಲ್ಕೇ ಜನರ ನಡುವೆ ನಡೆಯತೊಡಗಿತು. ಆ ತಾಯಿ ನನ್ನ ಮುಂದೆ ಅತ್ತಳು. “ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ” ಎಂದಳು. ಅವಳ ಕೊರಳಲ್ಲೂ ಅದೇ ಮಣಿ ಇತ್ತು. ಅವಳಿಗೂ ಚಿಕ್ಕಂದಿನಲ್ಲಿ ಯಾರೋ ಹುಗ್ಗಿ ಊಟ ಎಂದೇ ಹೇಳಿದ್ದಿರಬೇಕು. ಅವಳನ್ನು ಠಕ್ಕಿ ಎಂದು ಬೈಯಲು ನನಗೆ ಬಾಯಿ ಬರಲಿಲ್ಲ. ಆದರೆ ದೂರು ಕೊಡಲೂ ಕೈ ಬರಲಿಲ್ಲ. ಗುಟ್ಟಿನಲ್ಲಿ ನನಗೂ ಒಂದು ಪಾಲು ಸಿಕ್ಕಿತ್ತು. ಆ ವರ್ಷ ಮುಗಿಯುವ ಮೊದಲೇ ಹುಡುಗಿ ಶಾಲೆ ಬಿಟ್ಟಳು.

ನಿಜವಾದ ದೀಕ್ಷೆಗೆ ಗುಟ್ಟು ಬೇಕಾಗಿಲ್ಲ. ಅದನ್ನು ಪಡೆಯುವವರಿಗೆ ಏನು ಪಡೆಯುತ್ತಿದ್ದೇವೆಂದು ಮೊದಲೇ ತಿಳಿದಿರುತ್ತದೆ, ಒಲ್ಲೆ ಎನ್ನಲು ದಾರಿ ಇರುತ್ತದೆ. ಇವೆರಡೂ ಇಲ್ಲದಿದ್ದರೆ ಅದು ಯಾವ ದೇವರ ಹೆಸರಿನಲ್ಲಿ ನಡೆದರೂ ಠಕ್ಕತನವೇ.

ಅಂದಿನಿಂದ ಹರಕೆಯೆಂದು ಹೆಣ್ಣುಹುಡುಗಿ ರಜೆ ಕೇಳಿದರೆ ನಾನು ಬಳೆ ನೋಡಿ ಹೊಗಳುವುದಿಲ್ಲ. ಹತ್ತಿರ ಕೂರಿಸಿಕೊಂಡು ಕೇಳುತ್ತೇನೆ: ಯಾರ ಹರಕೆ, ಯಾವ ಊರಿಗೆ, ಅಲ್ಲಿ ನಿನಗೇನು ಮಾಡುತ್ತಾರಂತೆ? ಕೆಲವು ತಾಯಂದಿರಿಗೆ ಸಿಟ್ಟು ಬರುತ್ತದೆ. ಬರಲಿ. ಅಂದು ಕೇಳದೆ ಕಳಿಸಿದವಳು ನಾನು.