ಸಿಯೆನಾ: ಸೋತ ನಗರದ ಕಥೆ

ಇಟಲಿಯ ಇತಿಹಾಸವೆಂದೊಡನೆ ನಮಗೆ ರೋಮ್, ವೆನಿಸ್, ಫ್ಲಾರೆನ್ಸ್‌ಗಳ ಹೆಸರು ನೆನಪಾಗುತ್ತವೆ. ಪುನರುಜ್ಜೀವನದ ಪಾಠವನ್ನು ನಾನು ಬೋಧಿಸುತ್ತಿದ್ದಾಗಲೂ ಫ್ಲಾರೆನ್ಸಿಗೇ ಅಗ್ರಸ್ಥಾನ. ಅದರ ದಕ್ಷಿಣಕ್ಕೆ, ಗುಡ್ಡಗಳ ಮೇಲೆ ಹರಡಿಕೊಂಡಿರುವ ಸಿಯೆನಾ ಬಹುಕಾಲ ಅದಕ್ಕೆ ಸರಿಸಾಟಿಯಾಗಿ ನಿಂತಿತ್ತು. 1260ರ ಮೊಂಟಪೆರ್ಟಿ ಯುದ್ಧದಲ್ಲಿ ಅದನ್ನು ಸೋಲಿಸಿಯೂ ಇತ್ತು. ಕೊನೆಗೆ ತಾನೇ ಸೋತಿತು. ಗೆದ್ದವರ ಕಥೆ ಎಲ್ಲರಿಗೂ ಗೊತ್ತು. ಸೋತವರ ಕಥೆಯನ್ನು ಇಂದು ಹೇಳುತ್ತೇನೆ.

1287ರಿಂದ 1355ರವರೆಗೆ ಸಿಯೆನಾವನ್ನು ಆಳಿದ್ದು ಅರಸನಲ್ಲ, ಒಂಬತ್ತು ಜನರ ಮಂಡಲಿ. ಸದಸ್ಯರ ಅಧಿಕಾರಾವಧಿ ಕೇವಲ ಎರಡು ತಿಂಗಳು! ಇವರು ಸಭೆ ಸೇರುತ್ತಿದ್ದ ಕೋಣೆಯ ಗೋಡೆಗಳ ಮೇಲೆ ಆಂಬ್ರೋಜೋ ಲೊರೆಂಜೆಟ್ಟಿ ಎಂಬ ಕಲಾವಿದ 1338–39ರಲ್ಲಿ ಸುಶಾಸನ ಮತ್ತು ದುರಾಡಳಿತದ ಚಿತ್ರಗಳನ್ನು ರಚಿಸಿದ. ಒಂದೆಡೆ ನ್ಯಾಯದೇವತೆಯ ತಕ್ಕಡಿಯಿಂದ ಇಳಿದ ಹಗ್ಗವನ್ನು 24 ಮಂದಿ ನಾಗರಿಕರು ಒಟ್ಟಾಗಿ ಹಿಡಿದು ಸಾಗುತ್ತಾರೆ. ಇನ್ನೊಂದೆಡೆ ಅದೇ ನ್ಯಾಯದೇವತೆ ಕಟ್ಟುಬಿದ್ದು ನೆಲದ ಮೇಲಿದ್ದಾಳೆ. ಆಳುವವರು ತಲೆಯೆತ್ತಿದರೆ ಇವೆರಡೂ ಕಣ್ಣಿಗೆ ಬೀಳಬೇಕು. ಇದಕ್ಕಿಂತ ಉತ್ತಮವಾದ ಪೌರನೀತಿಯ ಪಾಠ ನನಗೆ ತಿಳಿದಿಲ್ಲ.

1339ರಲ್ಲಿ ಈ ಜನ ತಮ್ಮ ಮಹಾದೇವಾಲಯವನ್ನು ಬಹುವಾಗಿ ಹಿಗ್ಗಿಸುವ ಕಾರ್ಯಕ್ಕೆ ಕೈಹಾಕಿದರು. 1348ರಲ್ಲಿ ಮಹಾಮಾರಿ ಪ್ಲೇಗು ಬಂದಿತು. ಜನಸಂಖ್ಯೆಯ ಅರ್ಧದಷ್ಟಾದರೂ ಅಳಿಯಿತೆಂದು ಅನೇಕ ಇತಿಹಾಸಕಾರರ ಅಂದಾಜು. ತನ್ನ ಐವರು ಮಕ್ಕಳನ್ನು ಸ್ವಂತ ಕೈಗಳಿಂದಲೇ ಮಣ್ಣು ಮಾಡಿದೆನೆಂದು ಆಞೊಲೊ ದಿ ತೂರ ಎಂಬ ವೃತ್ತಾಂತಕಾರ ಬರೆದಿಟ್ಟಿದ್ದಾನೆ. ಕಟ್ಟಡ ಅಲ್ಲಿಗೇ ನಿಂತಿತು. ಹೊಸ ಮುಂಭಾಗಕ್ಕೆಂದು ಎತ್ತಿದ್ದ ಗೋಡೆ ಇಂದಿಗೂ ಒಂಟಿಯಾಗಿ ನಿಂತಿದೆ. ಊರವರು ಅದನ್ನು ಕೆಡವಲೂ ಇಲ್ಲ, ಪೂರ್ಣಗೊಳಿಸಲೂ ಇಲ್ಲ.

ಸ್ಪೇನ್ ಮತ್ತು ಫ್ಲಾರೆನ್ಸಿನ ಸೇನೆಗಳ ದೀರ್ಘ ಮುತ್ತಿಗೆಯಲ್ಲಿ ಹಸಿವಿನಿಂದ ಕಂಗೆಟ್ಟು 1555ರ ಏಪ್ರಿಲ್‌ನಲ್ಲಿ ಸಿಯೆನಾ ಶರಣಾಯಿತು. ಗಣರಾಜ್ಯ ಮುಗಿಯಿತು. ಆದರೆ ಕೇರಿಗಳು ಉಳಿದವು. ‘ಕೊಂತ್ರಾದ’ ಎಂದು ಕರೆಯಲ್ಪಡುವ ಇವುಗಳ ಸಂಖ್ಯೆ 17. ಗಡಿಗಳನ್ನು 1729ರಲ್ಲಿ ರಾಜ್ಯಪಾಲೆ ವಿಯೊಲಾಂತೆ ನಿಗದಿಪಡಿಸಿದಳು. ಪ್ರತಿ ಕೇರಿಗೂ ತನ್ನದೇ ಧ್ವಜ, ಚರ್ಚು, ವಸ್ತುಸಂಗ್ರಹಾಲಯ, ಚಿಲುಮೆಗಳಿವೆ. ಚರ್ಚಿನ ದೀಕ್ಷಾಸ್ನಾನವಲ್ಲದೆ, ಕೇರಿಯ ಚಿಲುಮೆಯ ಬಳಿ ಮಕ್ಕಳಿಗೆ ಇನ್ನೊಂದು ದೀಕ್ಷೆಯೂ ಉಂಟು. ಹದ್ದು, ಹೆಬ್ಬಾತು, ಮುಳ್ಳುಹಂದಿ ಮೊದಲಾದವು ಇವುಗಳ ಲಾಂಛನಗಳು. ಆಮೆಯ ಕೇರಿಗೂ ಬಸವನಹುಳುವಿನ ಕೇರಿಗೂ ಬದ್ಧದ್ವೇಷ. ಇಬ್ಬರೂ ಹಣಾಹಣಿಗೆ ಇಳಿಯುವುದು ಕುದುರೆ ಓಟದಲ್ಲಿ ಎಂಬುದೇ ತಮಾಷೆ!

ಆ ಓಟವೇ ‘ಪಾಲಿಯೊ’. ಜುಲೈ 2 ಮತ್ತು ಆಗಸ್ಟ್ 16ರಂದು, ಚಿಪ್ಪಿನಾಕಾರದ ಕಾಂಪೊ ಚೌಕದಲ್ಲಿ ಮಣ್ಣು ಹಾಸಿ ಹತ್ತು ಕೇರಿಗಳ ಕುದುರೆಗಳನ್ನು ಓಡಿಸುತ್ತಾರೆ. ಯಾವ ಕೇರಿಗೆ ಯಾವ ಕುದುರೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಓಟಕ್ಕೆ ಮೊದಲು ಕುದುರೆಯನ್ನು ಚರ್ಚಿನೊಳಕ್ಕೇ ಕರೆದೊಯ್ದು ಪಾದ್ರಿಯಿಂದ ಹರಸಿಸುತ್ತಾರೆ. ಜೀನಿಲ್ಲದ ಸವಾರಿ, ಮೂರು ಸುತ್ತು, ಸುಮಾರು ಒಂದೂವರೆ ನಿಮಿಷ. ಸವಾರ ಬಿದ್ದರೂ ಕುದುರೆ ಮೊದಲು ಮುಟ್ಟಿದರೆ ಗೆಲುವು ಗೆಲುವೇ. ಬಹುಮಾನವೆಂದರೆ ಚಿತ್ರ ಬರೆದ ರೇಷ್ಮೆಯ ಪತಾಕೆ. ಕಡಿದಾದ ತಿರುವುಗಳಲ್ಲಿ ಕುದುರೆಗಳು ಸತ್ತದ್ದೂ ಉಂಟು. ಪ್ರಾಣಿದಯಾಪರರ ಆಕ್ಷೇಪವನ್ನು ತಳ್ಳಿಹಾಕಲಾಗದು.

ರಾಜ್ಯ ಕಳೆದುಕೊಂಡ ಜನ ಒಂದು ಪತಾಕೆಗಾಗಿ ಇಷ್ಟು ಹಂಬಲಿಸುವುದೇಕೆ ಎಂದು ಯಾರಾದರೂ ಕೇಳಬಹುದು. ಹಿಂದೆ ಊರನ್ನು ಆಳುವಾಗ ರೂಢಿಸಿಕೊಂಡ ಒಗ್ಗಟ್ಟನ್ನು, ಸೋಲಿನ ನಂತರ ಅವರು ಕೇರಿಗಳಲ್ಲಿ ಕಾಪಾಡಿಕೊಂಡರೆಂಬುದು ನನ್ನ ಅಭಿಪ್ರಾಯ. ಹೊರದೇಶಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಅತ್ತ ಹೋದರೆ, ಓಟದ ಗದ್ದಲ ನೋಡಿದ ಮೇಲೆ ಆ ಒಂಟಿ ಗೋಡೆಯ ಮುಂದೆಯೂ ಒಂದಿಷ್ಟು ಹೊತ್ತು ನಿಂತು ಬನ್ನಿ.